ಕೋಟು ಕೂತ ಕುರ್ಚಿ

ಹೋಬರ್ಟ್ ಸ್ಲೋಕಮ್ ನೆಮ್ಮದಿಯಾಗಿ ಕೂತದ್ದನ್ನು ಲಾರ್ಕಿನ್ ಫೋರ್ಡ್ ಊರಿನಲ್ಲಿ ಕಂಡವರಿರಲಿಲ್ಲ. ಚರ್ಚಿನಲ್ಲಿ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು ನಿಂತೇ ಇಡೀ ಉಪದೇಶವನ್ನು ಕೇಳುತ್ತಿದ್ದ. ಹೋಟೆಲಿನಲ್ಲಿ ಬಾಗಿಲ ಪಕ್ಕ ನಿಂತು ಕಾಫಿ ಮುಗಿಸುತ್ತಿದ್ದ. ಕ್ಷೌರದಂಗಡಿಯಲ್ಲಿ ವಿಧಿಯಿಲ್ಲದೆ ಕುರ್ಚಿಯನ್ನೇರುತ್ತಿದ್ದನಾದರೂ, ಅಲ್ಲಿಯೂ ಆಸನದ ತುದಿಯಲ್ಲಿ, ಈಗಲೋ ಆಗಲೋ ರೈಲು ಬಂದುಬಿಟ್ಟೀತೆಂದು ಹೆದರಿದ ಪ್ರಯಾಣಿಕನ ಹಾಗೆ ಒಂದು ಕಾಲನ್ನು ನೆಲಕ್ಕೂರಿಕೊಂಡೇ ತಲೆಯೊಪ್ಪಿಸುತ್ತಿದ್ದ. ನಮ್ಮೂರ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಇಪ್ಪತ್ತೆರಡು ವರ್ಷ ಕೋಚ್ ಆಗಿದ್ದವನು ಅವನು. ಪಂದ್ಯದ ದಿನ ಅಂಕಣದ ಪಕ್ಕದಲ್ಲಿ ಅವನಿಗೆಂದು ಹಾಕಿದ ಮಡಿಸುವ ಕುರ್ಚಿಯ ಮೇಲೆ ಅವನ ಬದಲು ಅವನ ಕಂದು ಕಾರ್ಡುರಾಯ್ ಬಟ್ಟೆಯ ಕೋಟು ಕೂರುತ್ತಿತ್ತು: ಮೊಣಕೈಗೆ ಚರ್ಮದ ತೇಪೆ ಹಾಕಿಸಿಕೊಂಡ, ಎರಡೂ ತೋಳುಗಳನ್ನು ಮಡಿಲಲ್ಲಿಟ್ಟುಕೊಂಡ, ಯಾರ ಗೊಡವೆಗೂ ಹೋಗದ ಸಂಭಾವಿತ. ಅದರ ಯಜಮಾನ ಮಾತ್ರ ಅಂಕಣದ ಅಂಚಿನುದ್ದಕ್ಕೂ ಬೋನಿನ ಪ್ರಾಣಿಯಂತೆ ಹೋಗಿ ಬಂದು ಮಾಡುತ್ತ, ತೀರ್ಪುಗಾರರ ಕಣ್ಣಿನ ಆರೋಗ್ಯವನ್ನು ಏರುದನಿಯಲ್ಲಿ ವಿಚಾರಿಸಿಕೊಳ್ಳುತ್ತಿದ್ದ. "ಇವನಿಗಿಂತ ಇವನ ಕೋಟೇ ವಾಸಿ ಕಣ್ರೀ, ಕೂತ ಜಾಗದಲ್ಲಿ ಕೂತಿರುತ್ತೆ, ಬೈಯೋದೂ ಇಲ್ಲ" ಎಂದು ತೀರ್ಪುಗಾರರೊಬ್ಬರು ಹೇಳಿದ್ದು ಊರಿನಲ್ಲಿ ಬಹಳ ದಿನ ಚಲಾವಣೆಯಲ್ಲಿತ್ತು.

ನನ್ನದು ಬೂಟಿನ ವ್ಯಾಪಾರ. ಮಿಕ್ಕವರು ಮನುಷ್ಯನನ್ನು ಮುಖದಿಂದ ಓದಲು ಹೊರಟರೆ ನಾನು ಹಿಮ್ಮಡಿಯಿಂದ ಹೊರಡುತ್ತೇನೆ; ಮುಖ ಅಭ್ಯಾಸದಿಂದ ಸುಳ್ಳಾಡುತ್ತದೆ, ಸವೆದ ಹಿಮ್ಮಡಿಗೆ ಆ ವಿದ್ಯೆ ಬರುವುದಿಲ್ಲ. ಸ್ಲೋಕಮ್ ಪ್ರತಿ ಆಗಸ್ಟಿನಲ್ಲಿ ಒಂದೇ ಬಗೆಯ ಕಂದು ಲೇಸಿನ ಬೂಟನ್ನು ಎರಡು ಜೊತೆ ಒಯ್ಯುತ್ತಿದ್ದ, ಮುಂದಿನ ಆಗಸ್ಟಿಗೆ ತರುವಾಗ ಎರಡು ಜೊತೆಯ ಬಲ ಹಿಮ್ಮಡಿಗಳೂ ಹೊರಗಡೆಗೆ ಓರೆಯಾಗಿ, ಬೆಣೆಯ ಹಾಗೆ ತೇದುಹೋಗಿರುತ್ತಿದ್ದವು. ಅಂಕಣದ ಕೊನೆಗೆ ಹೋಗಿ ಪ್ರತಿಸಲವೂ ಒಂದೇ ಕಡೆ, ಬಲಗಾಲಿನ ಮೇಲೆ ಗಿರಕ್ಕನೆ ತಿರುಗುವವನ ಹಿಮ್ಮಡಿ ಅದು. ಹೊಸ ಬೂಟನ್ನು ಹಾಕಿ ನೋಡುವಾಗಲೂ ಕೂರುತ್ತಿರಲಿಲ್ಲ. ನನ್ನ ಭುಜ ಹಿಡಿದು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಲ್ಲುತ್ತಿದ್ದ.

"ಕೂತ್ಕೊಂಡು ಹಾಕ್ಕೊಳ್ಳೋ ಮಾರಾಯ, ಕುರ್ಚಿಗೇನು ಬಾಡಿಗೆ ಇಲ್ಲ" ಎನ್ನುತ್ತಿದ್ದೆ.

"ಕೂತ್ರೆ ಪಾದ ಚಿಕ್ಕದಾಗುತ್ತೆ ವೆಂಡೆಲ್. ನಿಂತಾಗ ಬರೋದೇ ನಿಜವಾದ ಅಳತೆ."

ಇದು ಇಪ್ಪತ್ತು ವರ್ಷದ ಹಿಂದೆ ನಾನೇ ಅವನಿಗೆ ಹೇಳಿಕೊಟ್ಟ ಅಂಗಡಿಯ ಮಾತು. ನನ್ನ ಸರಕನ್ನೇ ನನಗೆ ತಿರುಗಿ ಮಾರುತ್ತಿದ್ದ.

ಅವನ ಬಾಯಲ್ಲಿ ಇನ್ನೊಂದು ಮಾತು ಸದಾ ಮನೆ ಮಾಡಿಕೊಂಡಿತ್ತು: "ಇನ್ನೊಂದ್ ಸಲ." ಅಭ್ಯಾಸದ ವೇಳೆ ಹುಡುಗರು ಅಂಕಣದ ಈ ಕೊನೆಯಿಂದ ಆ ಕೊನೆಗೆ ಓಡಿ, ಗೋಡೆಗೆ ಕೈಯೂರಿ ಏದುಸಿರು ಬಿಡುತ್ತಿರುವಾಗ ಆ ಎರಡು ಪದಗಳು ಶಾಂತವಾಗಿ, ಬಹುತೇಕ ಪ್ರೀತಿಯಿಂದಲೇ ಹೊರಬೀಳುತ್ತಿದ್ದವು. ಮದುವೆಯ ದಿನ ಫೋಟೋದವನು ಸಾಕು ಅಂದಮೇಲೂ ಇವನು "ಇನ್ನೊಂದ್ ಸಲ" ಅಂದನೆಂದು ಹೆಂಡತಿ ಲೋರೀನ್ ಹೇಳಿಕೊಂಡು ನಗುತ್ತಾಳೆ. ಈ ಮಾತಿನ ಬೇರು ಎಲ್ಲಿದೆಯೆಂದು ನನಗೆ ಗೊತ್ತಿದೆ, ಏಕೆಂದರೆ ನಾವಿಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಅವನ ತಂದೆ ಸುಣ್ಣದಕಲ್ಲಿನ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ ಆಜಾನುಬಾಹು. ಒಂದು ನವೆಂಬರಿನಲ್ಲಿ ಬೆನ್ನು ಉಳುಕಿ, ವೈದ್ಯರು ಎರಡು ವಾರ ವಿಶ್ರಾಂತಿ ಹೇಳಿ, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತವನು ಎರಡು ವಾರಕ್ಕೂ ಏಳಲಿಲ್ಲ, ಎರಡು ವರ್ಷಕ್ಕೂ ಏಳಲಿಲ್ಲ. ಮೂರನೆಯ ಚಳಿಗಾಲದಲ್ಲಿ ಆ ಕುರ್ಚಿಯಿಂದಲೇ ಅವನನ್ನು ಎತ್ತಿಕೊಂಡು ಹೋದೆವು. ಆಗ ಹೋಬರ್ಟನಿಗೆ ಹದಿನಾಲ್ಕು. ಬೆನ್ನಿನಿಂದ ಸತ್ತನೋ ಮನಸ್ಸಿನಿಂದ ಸತ್ತನೋ ವೈದ್ಯರಿಗೂ ತಿಳಿಯದ ಆ ಸಾವನ್ನು ಹುಡುಗ ಮಾತ್ರ ತನಗೆ ತಿಳಿದಂತೆ ಅರ್ಥ ಮಾಡಿಕೊಂಡ: ಅಪ್ಪ ಕೂತ, ಅದಕ್ಕೇ ಸತ್ತ.

ಇಂಥವನ ಪಾಲಿಗೆ ವಿಧಿ ಒಂದು ವಿಚಿತ್ರ ವ್ಯವಸ್ಥೆಯನ್ನು ಕಾದಿರಿಸಿತ್ತು. ನಮ್ಮದು ಹತ್ತು ಸಣ್ಣ ಕಾಲೇಜುಗಳ ಕೂಟ. ಚಳಿಗಾಲವಿಡೀ ಈ ಹತ್ತು ತಂಡಗಳು ತಮ್ಮತಮ್ಮಲ್ಲೇ ಆಡಿ, ಮಾರ್ಚಿ ಬಂದೊಡನೆ ಕೂಟದ ಟೂರ್ನಿ ನಡೆಯುತ್ತದೆ. ಅದನ್ನು ಗೆದ್ದ ಒಂದೇ ಒಂದು ತಂಡಕ್ಕೆ ರಾಷ್ಟ್ರೀಯ ಟೂರ್ನಿಯ ಬಾಗಿಲು ತೆರೆಯುತ್ತದೆ. ಉಳಿದ ಒಂಬತ್ತಕ್ಕೆ, ಅವು ವರ್ಷವಿಡೀ ಏನೇ ಕಡಿದು ಕಟ್ಟೆಹಾಕಿರಲಿ, ಮುಂದಿನ ನವೆಂಬರಿನವರೆಗೆ ಕೆಲಸವಿಲ್ಲ. ಅರವತ್ತೊಂದು ವರ್ಷಗಳಲ್ಲಿ ಆ ಬಾಗಿಲು ನಮ್ಮ ಕಾಲೇಜಿಗೆ ಒಮ್ಮೆಯೂ ತೆರೆದಿರಲಿಲ್ಲ. ಇನ್ನು ಕೂಟದ ಹಿರಿಯರು ಮಾಡಿಟ್ಟ ನಿಯಮವೆಂದರೆ, ಚಳಿಗಾಲದ ಲೆಕ್ಕದಲ್ಲಿ ಮೊದಲೆರಡು ಸ್ಥಾನ ಪಡೆದವರು ಟೂರ್ನಿಯ ಆರಂಭದ ಸುತ್ತುಗಳನ್ನು ಆಡಬೇಕಿಲ್ಲ, ನೇರ ಸೆಮಿಫೈನಲಿಗೆ ಬಂದರೆ ಸಾಕು. ಅಂದರೆ ಕೊನೆಯ ಪಂದ್ಯ ಶನಿವಾರ ಮುಗಿದರೆ ಮುಂದಿನದು ಮರುವಾರ ದಾಟಿದ ಸೋಮವಾರ. ನಡುವೆ ಒಂಬತ್ತು ದಿನ. ಎಲ್ಲರಿಗಿಂತ ಚೆನ್ನಾಗಿ ಓಡಿದವರಿಗೆ ಬಹುಮಾನವಾಗಿ ಕೂರಿಸುವ ಈ ಔದಾರ್ಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಕಾಣೆ; ಸ್ಲೋಕಮ್‌ನಂಥವನಿಗೆ ಅದಕ್ಕಿಂತ ಕ್ರೂರವಾದ ಸನ್ಮಾನ ಇರಲಾರದು.

ಮೊದಲ ಸಲ ನಮ್ಮ ತಂಡ ಆ ಸ್ಥಾನಕ್ಕೆ ಬಂದ ವರ್ಷ ಅವನು ಇರ್ಮಾ ಡೌಟಿಯ ಮಾತು ಕೇಳಿದ. ಆಟಗಾರರ ಮೈಕೈ ನೋಡಿಕೊಳ್ಳುವುದು, ಕೀಲಿಗೆ ಪಟ್ಟಿ ಕಟ್ಟುವುದು ಇರ್ಮಾಳ ಕೆಲಸ. ಕೊರಳಿಗೆ ಸರದ ಬದಲು ಕತ್ತರಿಯನ್ನು ನೇತುಹಾಕಿಕೊಂಡ, ಕೋಚ್‌ಗೆ ಹೆದರದ ಏಕೈಕ ವ್ಯಕ್ತಿ. ಹುಡುಗರು ದಣಿದಿದ್ದಾರೆ, ಬಿಡಿ, ಎಂದಳು. ಅವನು ಬಿಟ್ಟ. ಹುಡುಗರು ಮನೆಗೆ ಹೋಗಿ ನಿದ್ದೆ ಮಾಡಿದರು. ಖಾಲಿ ಅಂಕಣದ ಅಂಚಿನಲ್ಲಿ ಸ್ಲೋಕಮ್ ಒಬ್ಬನೇ ಒಂಬತ್ತು ದಿನವೂ ನಡೆದ. ಸೋಮವಾರ ತಂಡ ಆಡಲಿಳಿದಾಗ ಕೈಗಳು ಮರದ ಕೈಗಳಾಗಿದ್ದವು. ಮೊದಲ ಎಂಟು ನಿಮಿಷ ಚೆಂಡು ಬಲೆಯನ್ನು ಕಾಣಲಿಲ್ಲ. ಕೊನೆಯಲ್ಲಿ ಎದ್ದು ಬಿದ್ದು ಓಡಿದರೂ ಎರಡು ಅಂಕಗಳಿಂದ ಸೋತರು.

ನಮ್ಮೂರ ವರ್ತಕರು ಗುರುವಾರದ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಕೋಚ್‌ಗೆ ಊಟ ಹಾಕುವ ಪದ್ಧತಿಯಿದೆ. ಊಟವೆಂದರೆ ಬನ್ನಿನಾಚೆ ನಾಲ್ಕು ಬೆರಳು ಚಾಚಿದ ಕರಿದ ಹಂದಿಮಾಂಸ, ಆಮೇಲೆ ಪರ್ಸಿಮನ್ ಹಣ್ಣಿನ ಸಿಹಿ. ಊಟ ನಮ್ಮದಾದ್ದರಿಂದ ಪ್ರಶ್ನೆ ಕೇಳುವ ಹಕ್ಕೂ ನಮ್ಮದೇ ಎಂಬುದು ಅಲ್ಲಿನ ತಿಳಿವಳಿಕೆ. ನಿಂತೇ ಉಂಡು, ನಿಂತೇ ಉತ್ತರಿಸುವುದು ಅವನ ಪಾಡು. ಆ ಗುರುವಾರ ನಾನು ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಅಂಗೈಯಗಲದ ಒಂದು ತಗಡಿನ ಡಬ್ಬಿ ತಂದು ಅವನ ತಟ್ಟೆಯ ಮೇಲಿಟ್ಟೆ.

"ಏನೋ ಇದು?"

"ತುಕ್ಕು ಬಿಡ್ಸೋ ಎಣ್ಣೆ. ನಿನ್ನ ಹುಡುಗರ ಕೀಲಿಗೆ. ಒಂಬತ್ತು ದಿನ ಷೆಡ್ಡಲ್ಲಿ ನಿಲ್ಸಿದ್ಯಲ್ಲ, ಪಾಪ, ಸ್ಟಾರ್ಟೇ ಆಗ್ಲಿಲ್ಲ."

ನೆಲಮಾಳಿಗೆ ಹಾರಿಹೋಗುವಂತೆ ನಕ್ಕರು. ಶವಪೆಟ್ಟಿಗೆಯ ವ್ಯಾಪಾರದ ಓರಿನ್ ಬಾಯಿ ಒರೆಸಿಕೊಂಡು, "ನನ್ನ ಗಿರಾಕಿಗಳೂ ಅಷ್ಟು ದಿನ ಅಲ್ಲಾಡ್ದೆ ಮಲಗಲ್ಲ ಕೋಚ್!" ಎಂದ. ಇನ್ನೊಂದು ಅಲೆ ನಗೆ. ಸ್ಲೋಕಮ್ ಕೂಡ ನಕ್ಕ. ನಕ್ಕು, ಡಬ್ಬಿಯನ್ನು ಎತ್ತಿ, ಅದರ ಮೇಲಿನ ಬರಹವನ್ನು ಔಷಧಿಯ ಚೀಟಿ ಓದುವವನ ಗಮನದಿಂದ ಪೂರ್ತಿ ಓದಿ, ಕೋಟಿನ ಬಲಜೇಬಿಗೆ ಇಳಿಬಿಟ್ಟ. ಮುಂದಿನ ಒಂದು ವರ್ಷ ಅದು ಅಲ್ಲೇ ಇತ್ತು. ಪಂದ್ಯದ ದಿನ ಕುರ್ಚಿಯ ಮೇಲೆ ಕೂತ ಕೋಟು ಒಂದು ಬದಿಗೆ ವಾಲಿಕೊಂಡಿರುವುದನ್ನು ಬೇರೆಯವರು ಗಮನಿಸಿದರೋ ಇಲ್ಲವೋ, ನಾನು ಗಮನಿಸಿದೆ. ನನ್ನ ವಿನೋದ ಇಷ್ಟು ಬಾಳಿಕೆ ಬಂತಲ್ಲ ಎಂದು, ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಹೆಮ್ಮೆಪಟ್ಟೆ.

ಮರುವರ್ಷ ತಂಡ ಮೊದಲ ಸ್ಥಾನಕ್ಕೇ ಬಂತು. ಕಾರಣ ಲೆವನ್ ಪ್ರೂಯಿಟ್ ಎಂಬ ನಮ್ಮೂರ ಹುಡುಗ. ಹದಿನಾಲ್ಕನೇ ಅಳತೆಯ ಪಾದ. ಅವನಿಗಾಗಿ ನಾನು ಕಂಪನಿಗೆ ಬೇರೆ ಕಾಗದ ಬರೆದು ಬೂಟು ತರಿಸುತ್ತಿದ್ದೆ. ಅಷ್ಟು ದೊಡ್ಡ ಪಾದಗಳು ಅಷ್ಟು ಸದ್ದಿಲ್ಲದೆ ನೆಲಕ್ಕಿಳಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಾಯಿ ವರ್ನೆಟ್ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದಳು. ಅವನಿಗೆ ಅದು ಕಾಲೇಜಿನ ಕೊನೆಯ ವರ್ಷ. ಬೇಸಿಗೆಗೆ ಬಂದು ಆಡಿ ತೋರಿಸು, ಒಪ್ಪಿಗೆಯಾದರೆ ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಎಂದು ಬೆಲ್ಜಿಯಮ್ ದೇಶದ ಒಂದು ಕ್ಲಬ್ಬಿನವರು ಕಾಗದ ಬರೆದಿದ್ದರು. ಆ ಕಾಗದವನ್ನು ವರ್ನೆಟ್ ಬಸ್ಸಿನ ಬಿಸಿಲುಮರೆಗೆ ಸಿಕ್ಕಿಸಿಕೊಂಡು, ಪ್ರತಿ ನಿಲ್ದಾಣದಲ್ಲೂ ಒಮ್ಮೆ ತಲೆಯೆತ್ತಿ ನೋಡಿ ಮುಂದೆ ಹೋಗುತ್ತಿದ್ದಳು.

ಕೊನೆಯ ಪಂದ್ಯ ಗೆದ್ದ ಶನಿವಾರವೇ ಸ್ಲೋಕಮ್ ಸುದ್ದಿ ಕೊಟ್ಟ: ನಡುವಿನ ಬುಧವಾರ ಒಂದು ಪಂದ್ಯ. ಕೂಟಕ್ಕೆ ಸೇರದ್ದು, ಯಾವ ಲೆಕ್ಕಕ್ಕೂ ಇಲ್ಲದ್ದು. ಒಂದು ಗಂಟೆಯ ದಾರಿಯಾಚೆಯ ಪುಟ್ಟ ಬೈಬಲ್ ಕಾಲೇಜಿನ ತಂಡ ಸಂತೋಷದಿಂದ ಬರಲೊಪ್ಪಿತ್ತು. ಊರು ಮೆಚ್ಚಿ ತಲೆದೂಗಿತು. ತಲೆದೂಗಿದವರಲ್ಲಿ ಮೊದಲಿಗ ನಾನು.

ಮರುದಿನ ಲೆವನ್‌ನ ಹೊಸ ಬೂಟು ಒಪ್ಪಿಸಲು ಆಟಗಾರರ ಕೋಣೆಗೆ ಹೋದಾಗ ಅವನು ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ, ಇರ್ಮಾ ಅವನ ಬಲಮಂಡಿಗೆ ಪಟ್ಟಿ ಸುತ್ತುತ್ತಿದ್ದಳು. ಕೋಚ್ ಬಾಗಿಲಲ್ಲಿ ನಿಂತಿದ್ದ.

"ಬುಧವಾರ ಪಂದ್ಯವಂತೆ?" ಇರ್ಮಾ ತಲೆಯೆತ್ತಲಿಲ್ಲ.

"ಪಂದ್ಯ ಅಲ್ಲ ಇರ್ಮಾ, ಸ್ವಲ್ಪ ಬೆವರಿಳ್ಸೋದು ಅಷ್ಟೆ."

"ಬೆವರಿಗೆ ಅಭ್ಯಾಸ ಸಾಕು. ಇಲ್ಲಿ ನೋಡಿ, ಜನವರಿಯಿಂದ ಊದ್ಕೊಂಡೇ ಇದೆ. ಇದಕ್ಕೆ ಬೇಕಾಗಿರೋದು ಮಂಚ."

"ಹೋದ ವರ್ಷ ನಿನ್ನ ಮಾತು ಕೇಳ್ದೆ."

"ಹೋದ ವರ್ಷ ಎರಡು ಅಂಕದಲ್ಲಿ ಸೋತ್ವಿ ಕೋಚ್. ಎರಡೇ ಅಂಕ. ಯಾರ ಕಾಲೂ ಹೋಗ್ಲಿಲ್ಲ."

"ನಂಗೇನೂ ಆಗಿಲ್ಲ ಮಿಸ್ ಇರ್ಮಾ" ಎಂದ ಲೆವನ್, ನಗುತ್ತ. "ಸುಮ್ನೆ ಕೂತ್ರೇ ಬಿಗಿಯುತ್ತೆ."

"ನಿನ್ನನ್ನ ಯಾರು ಕೇಳಿದ್ರು? ನಾನು ಮಂಡಿ ಹತ್ರ ಮಾತಾಡ್ತಿದೀನಿ."

ಸ್ಲೋಕಮ್‌ನ ಬಲಗೈ ಕೋಟಿನ ಜೇಬಿಗೆ ಹೋಯಿತು. ಒಳಗೆ ಬೆರಳುಗಳು ಡಬ್ಬಿಯ ಸುತ್ತ ಮುಚ್ಚಿಕೊಂಡದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಒಂದು ಕ್ಷಣ ನನ್ನ ಕಡೆ ನೋಡಿದ. ಏನಾದರೂ ಹೇಳುತ್ತೀಯಾ ಎಂಬಂತಿತ್ತು ಆ ನೋಟ. ಲೆವನ್ ಬಿಚ್ಚಿಟ್ಟ ಹಳೆಯ ಬೂಟುಗಳು ಆಗ ನನ್ನ ಕೈಯಲ್ಲೇ ಇದ್ದವು. ಎಡಗಡೆಯದು ಅಂಗಾಲಿನವರೆಗೆ ಸವೆದಿತ್ತು. ಬಲಗಡೆಯದು ಹೆಚ್ಚುಕಡಿಮೆ ಹೊಸದರಂತಿತ್ತು. ಎರಡು ತಿಂಗಳಿಂದ ಹುಡುಗ ತನ್ನ ಭಾರವನ್ನೆಲ್ಲ ಎಡಗಾಲಿಗೆ ಹೊರಿಸಿ ಓಡಿದ್ದಾನೆಂದು ತಿಳಿಯಲು ನನಗೆ ವೈದ್ಯಶಾಸ್ತ್ರ ಬೇಕಿರಲಿಲ್ಲ. ನಾನು ಹಳೆಯ ಜೊತೆಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ.

"ಹತ್ತು ನಿಮಿಷ" ಎಂದ ಸ್ಲೋಕಮ್. "ಒಬ್ಬೊಬ್ಬನಿಗೆ ಹತ್ತೇ ನಿಮಿಷ. ಗಡಿಯಾರ ನೀನೇ ಹಿಡ್ಕೋ ಇರ್ಮಾ, ನೀನೇ ಹೇಳು."

ಬುಧವಾರ ಸಂಜೆ ಮುನ್ನೂರು ಜನ ಬಂದಿದ್ದರು. ವರ್ನೆಟ್ ಬಸ್ಸಿನ ಕೆಲಸ ಮುಗಿಸಿ, ಸಮವಸ್ತ್ರದಲ್ಲೇ ಬಂದು ನನ್ನ ಮುಂದಿನ ಸಾಲಿನಲ್ಲಿ ಕೂತು, ಕೈಗಡಿಯಾರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಹತ್ತು ನಿಮಿಷದ ಮಾತನ್ನು ಮಗ ಅವಳಿಗೆ ಹೇಳಿದ್ದಿರಬೇಕು. ಎದುರಾಳಿಗಳು ವಿನಯವಂತ ಹುಡುಗರು. ಚೆಂಡು ಕಿತ್ತುಕೊಂಡರೂ ಕ್ಷಮೆ ಕೇಳುವಂಥವರು. ನಮ್ಮವರು ಮೊದಲು ಮುಗ್ಗರಿಸಿದರು, ಆಮೇಲೆ ಮೈಮರೆತರು. ಎಂಟನೇ ನಿಮಿಷದ ಹೊತ್ತಿಗೆ ಲೆವನ್‌ನ ಕೈ ಬಿಸಿಯೇರಿತು, ಎತ್ತಿದ್ದೆಲ್ಲ ಬಲೆಗೆ. ಸ್ಲೋಕಮ್ ನಡೆಯುವುದನ್ನು ನಿಲ್ಲಿಸಿ ನೋಡುತ್ತ ನಿಂತ. ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಏನೋ ಒಂದು ಇಳಿದುಹೋದವನ ಮುಖ ಅದು. ಅಷ್ಟು ಸುಖಿಯಾಗಿ ಅವನನ್ನು ನಾನು ಮತ್ತೆ ನೋಡಲಿಲ್ಲ.

"ಹತ್ತಾಯ್ತು ಕೋಚ್" ಎಂದಳು ಇರ್ಮಾ. ಅರೆಖಾಲಿ ಸಭಾಂಗಣದಲ್ಲಿ ಆ ಮಾತು ನಮ್ಮ ಸಾಲಿನವರೆಗೂ ಕೇಳಿಸಿತು.

ಅವನು ಕಣ್ಣು ಕೀಳದೆ ಅಂದ: "ಇನ್ನೊಂದ್ ಸಲ."

ಇನ್ನೊಂದು ಸಲ ಚೆಂಡು ಬಂತು. ಹುಡುಗನಿಗೆ ಯಾರೂ ಎದುರಾಗಿರಲಿಲ್ಲ, ಯಾರೂ ತಾಗಲೂ ಇಲ್ಲ. ಲೆವನ್ ನೆಗೆದ, ಇಳಿದ. ಇಳಿದದ್ದು ಬಲಗಾಲಿನ ಮೇಲೆ. ಹಸಿ ಕಟ್ಟಿಗೆ ಮುರಿದಂಥ ಒಂದು ಶಬ್ದವಾಯಿತು. ಆ ಸದ್ದಿಲ್ಲದ ಪಾದಗಳಿಂದ ನಾನು ಕೇಳಿದ ಮೊದಲ ಶಬ್ದ ಅದು. ಹುಡುಗ ಕೂಗಲಿಲ್ಲ, ಮಂಡಿಯನ್ನು ಎರಡು ಕೈಯಿಂದ ತಬ್ಬಿಕೊಂಡು ನೆಲಕ್ಕೆ ಹಣೆ ಹಚ್ಚಿದ. ಇರ್ಮಾ ಓಡಿದಳು. ಸ್ಲೋಕಮ್ ನಿಂತಲ್ಲೇ ನಿಂತಿದ್ದ. ಅವನ ಪಕ್ಕದ ಕುರ್ಚಿಯಲ್ಲಿ ಕೋಟು ಎಂದಿನಂತೆ ಬಲಕ್ಕೆ ವಾಲಿಕೊಂಡು ಎಲ್ಲವನ್ನೂ ನೋಡುತ್ತಿತ್ತು.

ವರ್ನೆಟ್ ಮೆಟ್ಟಿಲಿಳಿದು ಅವನ ಮುಂದೆ ಬಂದು ನಿಂತಳು. ಗಡಿಯಾರ ಅಂಗೈಯಲ್ಲಿತ್ತು.

"ಹತ್ತು ಅಂದಿದ್ರಿ ಕೋಚ್."

ಅವನು ಅವಳ ಅಂಗೈಯ ಗಡಿಯಾರವನ್ನು ನೋಡಿದ.

"ನಾನು ಹನ್ನೊಂದು ಎಣಿಸ್ದೆ" ಎಂದು ಹೇಳಿ, ಮಗನ ಬಳಿಗೆ ಹೋದಳು.

ಇಲ್ಲಿಗೆ ಕತೆ ಮುಗಿದಿದ್ದರೆ ಸ್ಲೋಕಮ್ ಬದುಕಿಕೊಳ್ಳುತ್ತಿದ್ದನೇನೋ. ಸೋಮವಾರ ಸೆಮಿಫೈನಲಿನಲ್ಲಿ ಸೋತಿದ್ದರೆ ಊರು ಅವನನ್ನು ಬೈದು ಹಗುರಾಗುತ್ತಿತ್ತು, ಬೈಸಿಕೊಂಡು ಅವನೂ ಒಂದಿಷ್ಟು ಹಗುರಾಗುತ್ತಿದ್ದ. ಆದರೆ ತಂಡ ಗೆದ್ದಿತು. ಲೆವನ್ ಇಲ್ಲದೆಯೂ, ಮೊದಲ ನಿಮಿಷದಿಂದಲೇ ಸಾಣೆ ಹಿಡಿದ ಕತ್ತಿಯ ಹಾಗೆ ಆಡಿ ಗೆದ್ದಿತು. ತುಕ್ಕಿನ ಲವಲೇಶವೂ ಇರಲಿಲ್ಲ. ಬುಧವಾರ ಫೈನಲಿನಲ್ಲಿ ಒಂದೇ ಅಂಕದಿಂದ ಮತ್ತೆ ಗೆದ್ದಿತು. ಅರವತ್ತೊಂದು ವರ್ಷದ ಬಾಗಿಲು ತೆರೆಯಿತು. ಊರು ಹುಚ್ಚೆದ್ದು ಅಂಕಣಕ್ಕೆ ನುಗ್ಗಿತು. ನನ್ನ ಭುಜವನ್ನು ಹಿಡಿದು ಅಲ್ಲಾಡಿಸುತ್ತ ಓರಿನ್ ಕಿರುಚಿದ: "ನೋಡಿದ್ಯಾ? ಮಧ್ಯೆ ಆಡ್ಸಿದ್ದೇ ಸರಿಯಾಯ್ತು! ಕೋಚ್ ಹೇಳಿದ್ದೇ ನಿಜ!" ಸುತ್ತಲೂ ಅದೇ ಮಾತು. ಹುಡುಗನ ಕಾಲಿನ ಬಗ್ಗೆ ಕೇಳಿದರೆ, ಅಯ್ಯೋ ಪಾಪ, ಹಣೆಬರಹ, ಅಭ್ಯಾಸದಲ್ಲೂ ಆಗಬಹುದಿತ್ತು ಎಂದರು. ಆಗಬಹುದಿತ್ತು ಎನ್ನುವುದೂ ಸುಳ್ಳಲ್ಲ.

ಗೆದ್ದ ತಂಡ ಬಲೆಯನ್ನು ಕತ್ತರಿಸಿಕೊಳ್ಳುವುದು ಇಲ್ಲಿಯ ವಾಡಿಕೆ. ಏಣಿ ಹಾಕಿ, ಒಬ್ಬೊಬ್ಬರೇ ಹತ್ತಿ ಒಂದೊಂದು ಎಳೆ ಕತ್ತರಿಸಿ, ಕೊನೆಯ ಎಳೆಯನ್ನು ಕೋಚ್ ಕತ್ತರಿಸಿ ಬಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು. ಇರ್ಮಾಳ ಕತ್ತರಿ ಕೈಯಿಂದ ಕೈಗೆ ಹೋಯಿತು. ಕಡೆಗೆ ಎರಡೇ ಎಳೆ ಉಳಿದವು. ಒಂದನ್ನು ಹುಡುಗರು ಲೆವನ್‌ಗೆಂದು ಬಿಟ್ಟಿದ್ದರು. ಅವನು ಊರುಗೋಲುಗಳ ನಡುವೆ ಏಣಿಯ ಬುಡದಲ್ಲಿ ನಿಂತಿದ್ದ.

"ಬಾರೋ, ಹೊತ್ಕೊಂಡು ಹತ್ತಿಸ್ತೀವಿ" ಎಂದರು ಗೆಳೆಯರು.

"ನಾನೇನು ಆಲೂಗಡ್ಡೆ ಮೂಟೆನಾ?" ಎಂದು ನಕ್ಕು, ಕತ್ತರಿಯನ್ನು ಕೋಚ್‌ನತ್ತ ಚಾಚಿದ. "ನಂದೂ ನೀವೇ ಕತ್ತರಿಸ್ಬಿಡಿ ಕೋಚ್."

ಆ ಮಾತಿನಲ್ಲಿ ಕಹಿಯಿರಲಿಲ್ಲ. ಪಕ್ಕದಲ್ಲೇ ಇದ್ದ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಇದ್ದಿದ್ದರೆ ಒಳ್ಳೆಯದಿತ್ತು. ಸ್ಲೋಕಮ್ ಕತ್ತರಿ ತೆಗೆದುಕೊಂಡು ಎರಡು ಮೆಟ್ಟಿಲು ಹತ್ತಿದ. ವಾದ್ಯದವರು ಜೋರು ಮಾಡಿದರು, ಜನ ಲಯಬದ್ಧವಾಗಿ ಅವನ ಹೆಸರು ಕೂಗಿದರು. ಅವನು ಮೇಲೆ ನೋಡಿದ, ಕೆಳಗೆ ಹುಡುಗನ ಮಂಡಿಯ ಕಬ್ಬಿಣದ ಪಟ್ಟಿಯನ್ನು ನೋಡಿದ. ಇಳಿದು ಬಂದು ಕತ್ತರಿಯನ್ನು ಇರ್ಮಾಳ ಕೊರಳಿಗೆ ತಾನೇ ಹಾಕಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಎರಡು ಎಳೆಗಳಲ್ಲಿ ಜೋತ ಬಲೆ ಬೆಳಗಿನವರೆಗೂ ಹಾಗೇ ನೇತಾಡುತ್ತಿತ್ತಂತೆ. ಕಸ ಗುಡಿಸಲು ಬಂದವನು ಕಿತ್ತುಹಾಕಿದ.

ರಾಷ್ಟ್ರೀಯ ಟೂರ್ನಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೂವತ್ತಾರು ಅಂಕಗಳಿಂದ ಸೋತು ಮೊದಲ ದಿನವೇ ಮರಳಿದರು. ಆದರೂ ಮುಂದಿನ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಿಂದೆಂದೂ ಇಲ್ಲದಷ್ಟು ಜನ. ಕಾಲೇಜಿನ ಆಡಳಿತದವರು ಬಂದು ಕೋಚ್‌ನ ಅವಧಿಯನ್ನು ಐದು ವರ್ಷ ಮುಂದುವರಿಸಿದ್ದೇವೆಂದು ಸಾರಿದರು. ನಾವೆಲ್ಲರೂ ಕುರ್ಚಿ ಸರಿಸಿ ಎದ್ದು ನಿಂತೆವು, ಚಪ್ಪಾಳೆ ತಟ್ಟಿದೆವು.

ಸ್ಲೋಕಮ್ ಕೂತ.

ಕುರ್ಚಿ ಎಳೆದುಕೊಂಡು, ಬೆನ್ನನ್ನು ಪೂರ್ತಿಯಾಗಿ ಹಿಂದಕ್ಕೆ ಒರಗಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನ ಕೋಟು ಇಷ್ಟು ವರ್ಷ ಹೇಗೆ ಕೂತಿತ್ತೋ ಹಾಗೆಯೇ ಕೂತ. ಚಪ್ಪಾಳೆ ಒಂದೊಂದಾಗಿ ಇಳಿಯಿತು. ಕೂರಬೇಕೋ ನಿಂತೇ ಇರಬೇಕೋ ಯಾರಿಗೂ ತಿಳಿಯಲಿಲ್ಲ. ಆಗ ಅವನು ಜೇಬಿಗೆ ಕೈಹಾಕಿ ಆ ತಗಡಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ, ನನ್ನ ತಟ್ಟೆಯ ಪಕ್ಕಕ್ಕೆ, ಸದ್ದಾಗದಂತೆ ಸರಿಸಿದ. ಅದರ ಮುಚ್ಚಳವನ್ನು ಯಾರೂ ಒಮ್ಮೆಯೂ ತೆರೆದಿರಲಿಲ್ಲ.

"ನಿನ್ನ ಎಣ್ಣೆ ಕೆಲ್ಸ ಮಾಡ್ತು ಕಣೋ ವೆಂಡೆಲ್" ಎಂದ.

ಜೀವಮಾನವೆಲ್ಲ ಮಾತು ಮಾರಿಕೊಂಡು ಬದುಕಿದವನು ನಾನು. ಆ ದಿನ ಡಬ್ಬಿಯನ್ನು ಎತ್ತಿ ನನ್ನ ಜೇಬಿಗೆ ಹಾಕಿಕೊಂಡೆ.

ಆ ಬೇಸಿಗೆಯಲ್ಲಿ ಲೆವನ್‌ಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಬೆಲ್ಜಿಯಮ್‌ನವರು ಸೌಜನ್ಯದಿಂದ ಇನ್ನೊಂದು ಕಾಗದ ಬರೆದರು. ವರ್ನೆಟ್ ಅದನ್ನು ಬಸ್ಸಿಗೆ ತರಲಿಲ್ಲ. ಕಾಲಿಗೆ ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಹೋಗಬೇಕಿತ್ತು, ಕರೆದೊಯ್ಯುತ್ತಿದ್ದವನು ಸ್ಲೋಕಮ್. ವರ್ನೆಟ್ ಬೇಡವೆನ್ನಲಿಲ್ಲ, ಬಾಗಿಲಿಗೆ ಬಂದು ಮಾತಾಡಿಸಲೂ ಇಲ್ಲ. "ದಾರಿಯುದ್ದಕ್ಕೂ ಒಂದ್ ಮಾತೂ ಆಡಲ್ಲ" ಎಂದು ಲೆವನ್ ಒಮ್ಮೆ ಅಂಗಡಿಗೆ ಬಂದಾಗ ಹೇಳಿದ. "ರೇಡಿಯೋನೂ ಹಾಕಲ್ಲ. ಅಲ್ಲಿ ಬಂದು ಮೂಲೇಲಿ ಸುಮ್ನೆ ಕೂತಿರ್ತಾರೆ. ಆದ್ರೆ ಒಂದು ವಿಚಿತ್ರ. ವ್ಯಾಯಾಮ ಮಾಡ್ಸೋ ಯಮ್ಮ ನನ್ನ ಕಾಲು ಮಡಚಿಸಿ, ಇನ್ನೊಂದ್ ಸಲ ಅಂದ್ರೆ ಸಾಕು, ಎದ್ದು ಹೊರಗೆ ಹೋಗ್ಬಿಡ್ತಾರೆ."

ಆ ಮಾತನ್ನು ಸ್ಲೋಕಮ್‌ನ ಬಾಯಲ್ಲಿ ಆಮೇಲೆ ಯಾರೂ ಕೇಳಲಿಲ್ಲ. ಐದು ವರ್ಷದಲ್ಲಿ ಮೂರನ್ನು ಹೇಗೋ ಕಳೆದ. ಪಂದ್ಯದ ದಿನ ತನ್ನ ಕುರ್ಚಿಯಲ್ಲಿ ಕೂತಿರುತ್ತಿದ್ದ, ಕೋಟು ಮಡಿಲಲ್ಲಿ. ತಂಡ ಒಂದೇ ಸಮನೆ ಸೋತಿತು. ಕೋಚ್‌ಗೆ ವಯಸ್ಸಾಯಿತು ಎಂದು ನೆಲಮಾಳಿಗೆಯಲ್ಲಿ ನಿಧಾನಕ್ಕೆ ಮಾತೆದ್ದಿತು. ಅದೇ ಜನ, ಅದೇ ಬನ್ನು. ಒಂದು ಏಪ್ರಿಲಿನಲ್ಲಿ ತಾನಾಗಿಯೇ ಬಿಟ್ಟ. ಈಗ ಎರಡು ವರ್ಷಕ್ಕೊಂದು ಜೊತೆ ಬೂಟು ಸಾಕು ಅವನಿಗೆ, ಹಿಮ್ಮಡಿ ಎಲ್ಲ ಕಡೆಯೂ ಸಮನಾಗಿ ಸವೆಯುತ್ತದೆ, ಎಂದರೆ ಸವೆಯುವುದೇ ಇಲ್ಲ. ಅಳತೆ ಕೊಡುವಾಗ ಹೇಳದೆಯೇ ಕೂರುತ್ತಾನೆ. ಲೆವನ್ ತಾಯಿಯ ಬಸ್ಸನ್ನು ಓಡಿಸುತ್ತಾನೆ. ಅವನ ಎಡಬೂಟು ವರ್ಷಕ್ಕೊಮ್ಮೆ ಹೋಗುತ್ತದೆ, ಬಲದ್ದು ಹೋಗುವುದಿಲ್ಲ. ನನ್ನ ಹಿತ್ತಲ ಕೋಣೆಯಲ್ಲಿ ಹದಿನಾಲ್ಕನೇ ಅಳತೆಯ ಒಂಟಿ ಬಲಬೂಟುಗಳು ಈಗ ಆರು ಸೇರಿವೆ, ಅವುಗಳ ಪಕ್ಕದಲ್ಲೇ ತೆರೆಯದ ಆ ಡಬ್ಬಿಯೂ ಇದೆ. ಮಾರುವಂಥವಲ್ಲ, ಎಸೆಯಲು ಕೈಬರುವುದಿಲ್ಲ.

ದೊಡ್ಡ ಪಂದ್ಯದ ಮುಂಚೆ ಹುಡುಗರನ್ನು ಆಡಿಸಬೇಕೋ ಮಲಗಿಸಬೇಕೋ ಎಂದು ನಮ್ಮೂರಿನವರು ಇಂದಿಗೂ ಪ್ರತಿ ಮಾರ್ಚಿಯಲ್ಲೂ ವಾದಿಸುತ್ತಾರೆ, ಆಡಿಸಬೇಕೆನ್ನುವವರು ಸ್ಲೋಕಮ್‌ನ ಆ ವರ್ಷವನ್ನೇ ಸಾಕ್ಷಿಗೆ ಕರೆಯುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಸ್ಲೋಕಮ್‌ನ ಜಾತಿಯ ಮನುಷ್ಯರನ್ನು ನಾವು ಶ್ರಮಜೀವಿಗಳೆಂದು, ಛಲವಂತರೆಂದು ಹೊಗಳುತ್ತೇವೆ. ಅವರು ದುಡಿಯುವುದು ಗೆಲುವಿನ ಆಸೆಗೆಂದು ತಿಳಿಯುತ್ತೇವೆ. ಹಾಗಲ್ಲ. ಕೈಕಟ್ಟಿ ಕೂತು ಸೋತವನನ್ನು ಲೋಕ ಕ್ಷಮಿಸುವುದಿಲ್ಲ, ಏನಾದರೂ ಮಾಡಿ ಕೆಡಿಸಿದವನನ್ನು ಕ್ಷಮಿಸಿಬಿಡುತ್ತದೆ. ಈ ಒಂದು ಸತ್ಯವನ್ನು ಅವರು ಎಳೆಯ ವಯಸ್ಸಿನಲ್ಲೇ ಎಲ್ಲೋ ಒಂದು ಒಲೆಯ ಪಕ್ಕ ನೋಡಿಕೊಂಡು ಬಂದ ಭಯಸ್ಥರು. ಸುಮ್ಮನಿರುವ ಧೈರ್ಯವೊಂದನ್ನು ಬಿಟ್ಟು ಮಿಕ್ಕೆಲ್ಲ ಧೈರ್ಯವೂ ಅವರಲ್ಲಿರುತ್ತದೆ. ಅವರು ನಿಂತಿರುವಷ್ಟು ಕಾಲ ನಾವು ಸುತ್ತಲೂ ಆರಾಮವಾಗಿ ಕೂತು, ಬಾಯಿ ಒರೆಸಿಕೊಂಡು, ಏಳು, ನಡೆ, ಇನ್ನೂ ಓಡು ಎನ್ನುತ್ತಿರುತ್ತೇವೆ. ಅಂಥವರು ಕಡೆಗೊಂದು ದಿನ ಕೂತಾಗ ಅದನ್ನು ವಿಶ್ರಾಂತಿಯೆಂದು ಕರೆಯುವವರೂ ನಾವೇ.